ನೂರು ಅಡಿ ರೀಲು ತೊಳೆಯಲು ಒಂದು ರಾಟೆ

ನಮ್ಮ ಕಡೆ ಸ್ಟುಡಿಯೋದವರು ಫಿಲ್ಮ್ ಡೆವಲಪ್ ಮಾಡುವುದಕ್ಕೆ ‘ರೀಲು ತೊಳೆಯುವುದು’ ಅಂತಲೇ ಹೇಳುತ್ತಿದ್ದರು. ಮೊಬೈಲ್ ಬರುವ ಮೊದಲು ಮದುವೆ, ಜಾತ್ರೆ, ಶಾಲೆಯ ಗ್ರೂಪ್ ಫೋಟೊ ಎಲ್ಲಕ್ಕೂ ಅದೇ ರೀಲು. 36 ಫೋಟೊ ಬರುವ ಒಂದು ರೀಲಿನ ಉದ್ದ ಹೆಚ್ಚೆಂದರೆ ಐದೂವರೆ ಅಡಿ. ನೀರು ಕುಡಿಯುವ ಚೊಂಬಿನಷ್ಟು ದೊಡ್ಡ ಪ್ಲಾಸ್ಟಿಕ್ ಡಬ್ಬಿ ಇದ್ದರೆ ಸಾಕು, ಮನೆಯಲ್ಲೇ ತೊಳೆಯಬಹುದಿತ್ತು.

ದೇವದುರ್ಗದ ನನ್ನ ಸೋದರಮಾವನ ಟ್ರಂಕಿನಲ್ಲಿದ್ದ ರೀಲಿನ ಉದ್ದ ನೂರು ಅಡಿ.

ಅದು ಫೋಟೊ ಫಿಲ್ಮ್ ಅಲ್ಲ, ಸಿನಿಮಾ ಫಿಲ್ಮ್. 16 ಎಂಎಂ ಅಗಲ, ಕಪ್ಪು ಬಿಳುಪು, ಪೂರ್ವ ಜರ್ಮನಿಯ ಓರ್ವೊ ಕಂಪನಿಯದು. ಮಾವ ಬಸ್‌ಸ್ಟ್ಯಾಂಡ್ ಹತ್ತಿರ ಸಣ್ಣ ಸ್ಟುಡಿಯೋ ಇಟ್ಟಿದ್ದ. ಹೈದರಾಬಾದಿನಲ್ಲಿ ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ ಒಂದು ಕೀಲಿ ಕೊಡುವ ಸಿನಿಮಾ ಕ್ಯಾಮೆರಾ ಸಿಕ್ಕಿತು. ಅದರೊಳಗೆ ಹಾಕಲು ಒಂದೇ ಒಂದು ರೀಲು ಕೊಂಡ. 1986ರ ಬೇಸಿಗೆಯಲ್ಲಿ ತಂಗಿಯ, ಅಂದರೆ ನನ್ನ ಅವ್ವನ ಮದುವೆಯಲ್ಲಿ ಅದನ್ನು ಓಡಿಸಿದ. ತೊಳೆಸಲು ಮದ್ರಾಸಿಗೆ ಕಳಿಸಬೇಕು ಅಂದರು. ಮದುವೆಯ ಸಾಲವೇ ತೀರಿರಲಿಲ್ಲ. ಮುಂದಿನ ವರ್ಷ ಅಂದುಕೊಂಡ, ಅದರ ಮುಂದಿನ ವರ್ಷ ಅಂದುಕೊಂಡ. ಕ್ಯಾಮೆರಾ ಮಾರಿದ. ಡಬ್ಬಿ ಮಾತ್ರ ಉಳಿಯಿತು.

ಆ ಮದುವೆಯಲ್ಲಿ ನಮ್ಮ ಅಜ್ಜಿ ಇದ್ದಳು. ಫೋಟೊ ತೆಗೆಸಿಕೊಂಡರೆ ಆಯುಷ್ಯ ಕಡಿಮೆಯಾಗುತ್ತದೆ ಅಂತ ನಂಬಿದ್ದ ಹೆಂಗಸು. ಮಗನೇ ಫೋಟೊಗ್ರಾಫರ್ ಆದರೂ ಒಂದು ಸಲವೂ ಅವನ ಮುಂದೆ ಕೂರಲಿಲ್ಲ. 1989ರಲ್ಲಿ ತೀರಿಕೊಂಡಳು. ಊರ ಮಂದಿಯ ಫೋಟೊ ಎಲ್ಲ ತೆಗೆದ ಮನುಷ್ಯನ ಮನೆ ಗೋಡೆಯ ಮೇಲೆ ಅವನ ಅವ್ವನ ಫೋಟೊ ಇಲ್ಲ. ಸಿನಿಮಾ ಕ್ಯಾಮೆರಾ ಅಂದರೆ ಏನು ಅಂತ ಅವಳಿಗೆ ಗೊತ್ತಿರಲಿಲ್ಲವಾದ್ದರಿಂದ ಅದರ ಮುಂದೆ ಓಡಾಡಿದ್ದಾಳೆ ಅಂತ ಮಾವ ಹೇಳುತ್ತಿದ್ದ.

ಎರಡು ವರ್ಷದ ಹಿಂದೆ ಮಾವನಿಗೆ ಕಣ್ಣಿನ ಒತ್ತಡದ ರೋಗ, ಗ್ಲಾಕೋಮಾ, ಇದೆ ಅಂತ ಗೊತ್ತಾಯಿತು. ಹೋದ ದೃಷ್ಟಿ ಮರಳಿ ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಬೇಕು ಅಂದರು ಡಾಕ್ಟರ್. ಮಾವ ಆಗ ಟ್ರಂಕು ತೆಗೆಸಿದ. “ಯವ್ವಾ, ನೀ ಪೇಪರ್‌ನ್ಯಾಗ ಕೆಲಸ ಮಾಡಾಕಿ. ಇದನ್ನ ತೊಳ್ಯಾವ್ರು ಯಾರರ ಅದಾರೇನ್ ನೋಡು” ಅಂದ.

ಲ್ಯಾಬುಗಳು ಇನ್ನೂ ಇವೆ. ದೂರದ ಊರುಗಳಲ್ಲಿ ಇಬ್ಬರನ್ನು ಫೋನಿನಲ್ಲಿ ವಿಚಾರಿಸಿದೆ. ಒಬ್ಬರು ಅಷ್ಟು ಹಳೆಯ ಫಿಲ್ಮ್ ಮಷಿನ್‌ನಲ್ಲಿ ಹರಿದರೆ ನಾವು ಜವಾಬ್ದಾರರಲ್ಲ ಅಂದರು. ಇನ್ನೊಬ್ಬರು ಒಂದು ರೀಲಿಗಾಗಿ ಮಷಿನ್ ಚಾಲೂ ಮಾಡುವುದಿಲ್ಲ ಅಂದರು. ಡಬ್ಬಿಯನ್ನು ಕೊರಿಯರ್‌ಗೆ ಹಾಕಲು ಮಾವನೂ ಒಪ್ಪಲಿಲ್ಲ. ಹಾಗಾಗಿ ಮನೆಯಲ್ಲೇ ತೊಳೆಯುವುದು ಅಂತಾಯಿತು. ತೊಳೆಯುವ ಔಷಧಿಯ ಚಿಂತೆ ಅಷ್ಟಿರಲಿಲ್ಲ. ನೂರು ಅಡಿಯನ್ನು ಯಾವುದರಲ್ಲಿ ಮುಳುಗಿಸುವುದು ಅನ್ನುವುದೇ ಪ್ರಶ್ನೆ.

ಫಿಲ್ಮ್ ನೋಡಿರದ ಓದುಗರಿಗಾಗಿ ಒಂದು ಮಾತು. ಫಿಲ್ಮಿನ ಒಂದು ಬದಿಗೆ ಜೆಲಾಟಿನ್ ಅನ್ನುವ ಅಂಟಿನಲ್ಲಿ ಬೆಳ್ಳಿಯ ಲವಣದ ಸಣ್ಣ ಕಣಗಳನ್ನು ಲೇಪಿಸಿರುತ್ತಾರೆ. ಬೆಳಕು ಬಿದ್ದ ಕಣಗಳನ್ನು ಡೆವಲಪರ್ ಕಪ್ಪು ಬೆಳ್ಳಿಯಾಗಿಸುತ್ತದೆ. ಬೆಳಕು ಬೀಳದ ಕಣಗಳನ್ನು ಹೈಪೋ ಕರಗಿಸಿ ತೆಗೆಯುತ್ತದೆ. ಈ ಕೆಲಸ ಆಗುವಾಗ ಫಿಲ್ಮಿನ ಒಂದು ಸುತ್ತು ಇನ್ನೊಂದು ಸುತ್ತಿಗೆ ತಾಗಬಾರದು. ತಾಗಿದರೆ ಅಲ್ಲಿಗೆ ಔಷಧಿ ಹೋಗುವುದಿಲ್ಲ, ಕಲೆ ಉಳಿಯುತ್ತದೆ. ಐದೂವರೆ ಅಡಿಗೆ ಇದು ಸುಲಭ. ನೂರು ಅಡಿಗೆ, ಅದೂ ಕಗ್ಗತ್ತಲೆಯಲ್ಲಿ, ಬೇರೆ ಕತೆ.

ರಾಯಚೂರಿನಲ್ಲಿ ತೀನ್ ಕಂದೀಲ್ ಹತ್ತಿರದಿಂದ ಸ್ಟೇಷನ್ ರೋಡಿನವರೆಗೆ ಹಳೆಯ ಸ್ಟುಡಿಯೋಗಳನ್ನು ಹುಡುಕಿದೆ. ಬಹಳಷ್ಟು ಕಡೆ ಈಗ ಫ್ಲೆಕ್ಸ್, ಪಾಸ್‌ಪೋರ್ಟ್ ಫೋಟೊ, ಜೆರಾಕ್ಸ್. ಡಾರ್ಕ್‌ರೂಮ್ ಇದ್ದ ಜಾಗದಲ್ಲಿ ಒಂದು ಕಡೆ ಸ್ಟಾಕ್ ರೂಮ್, ಇನ್ನೊಂದು ಕಡೆ ದೇವರ ಮಾಡ. ಒಬ್ಬ ಹಿರಿಯರು ಮಾತ್ರ ಕೂರಿಸಿಕೊಂಡು ಚಹಾ ಕೊಟ್ಟು ಮಾತಾಡಿದರು. “ನೂರು ಅಡಿ ಡಬ್ಬಿ ನಾವೂ ತರ್ತಿದ್ವಿ ಬೇಟಾ. ಊಟಿ ಕಂಪನಿದು, ‘ಇಂದು’ ಫಿಲ್ಮ್. ಅದ್ರೆ ಹಂಗೇ ತೊಳೀತಿರಲಿಲ್ಲ” ಅಂದರು. ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಕೇಂದ್ರ ಸರ್ಕಾರದ ಕಾರ್ಖಾನೆ, ಈಗ ಮುಚ್ಚಿದೆ. ಗೋಡೆಗೆ ಎರಡು ಮೊಳೆ ಹೊಡೆದು, ಕತ್ತಲಲ್ಲಿ ಈ ಮೊಳೆಯಿಂದ ಆ ಮೊಳೆಗೆ ಫಿಲ್ಮ್ ಎಳೆದು, ಐದೂವರೆ ಅಡಿಗೊಂದು ತುಂಡು ಕತ್ತರಿಸಿ, ಹಳೆಯ ಖಾಲಿ ರೀಲು ಡಬ್ಬಿಗಳಿಗೆ ತುಂಬುತ್ತಿದ್ದರಂತೆ. ನೂರು ಅಡಿಗೆ ಹದಿನೆಂಟು ರೀಲು. ರೆಡಿಮೇಡ್ ರೀಲಿಗಿಂತ ಅಗ್ಗ.

“ನೀನೂ ಕತ್ತರಿಸಿಬಿಡು, ಹದಿನೆಂಟು ತುಂಡು ಮಾಡಿ ಸಣ್ಣ ಟ್ಯಾಂಕ್‌ನ್ಯಾಗ ತೊಳಿ” ಅಂದರು. ಸರಿಯಾದ ಸಲಹೆಯೇ. 16 ಎಂಎಂ ಫಿಲ್ಮಿನಲ್ಲಿ ಅಡಿಗೆ 40 ಚಿತ್ರ, ಕತ್ತರಿ ಬಿದ್ದ ಕಡೆ ಒಂದೋ ಎರಡೋ ಚಿತ್ರ ಹೋಗುತ್ತವೆ ಅಷ್ಟೆ. ಮಾವನಿಗೆ ಹೇಳಿದೆ. “ಕತ್ತರಿ ಎಲ್ಲಿ ಬೀಳ್ತೈತಿ ಅಂತ ಕತ್ತಲಾಗ ಹೆಂಗ ಗೊತ್ತಾಗ್ತದ? ಬ್ಯಾಡ” ಅಂದ. ಅಲ್ಲಿಗೆ ಆ ದಾರಿ ಮುಗಿಯಿತು.

ಆಮೇಲೆ ಎಕ್ಸ್‌ರೇ. ಇದು ನನಗೆ ಹೊಳೆದದ್ದಲ್ಲ, ಆ ಹಿರಿಯರೇ ಹೇಳಿದ್ದು. ಕಂಪ್ಯೂಟರ್ ಎಕ್ಸ್‌ರೇ ಬರುವ ಮೊದಲು ಸಣ್ಣ ಆಸ್ಪತ್ರೆಗಳಲ್ಲೂ ಡಾರ್ಕ್‌ರೂಮ್ ಇತ್ತು. ಡೆವಲಪರ್‌ಗೊಂದು, ನೀರಿಗೊಂದು, ಹೈಪೋಗೊಂದು ಟ್ಯಾಂಕ್. ಅವು ಎಲ್ಲಿ ಹೋದವು? ಗುಜರಿಗೆ. ಗಂಜ್ ಕಡೆಯ ಗುಜರಿ ಅಂಗಡಿಯಲ್ಲಿ ಸ್ಟೀಲಿನ ಒಂದು ಟ್ಯಾಂಕ್ ಸಿಕ್ಕೇಬಿಟ್ಟಿತು. ಹಳೆಯ ಎಕ್ಸ್‌ರೇ ಹಾಳೆಗಳ ಮೂಟೆಯೂ ಅಲ್ಲಿತ್ತು. ಅವುಗಳಿಂದ ಬೆಳ್ಳಿ ತೆಗೆಯುವವರು ಕೊಂಡು ಹೋಗುತ್ತಾರಂತೆ. ಹಟ್ಟಿಯಲ್ಲಿ ನೆಲ ಅಗೆದು ಚಿನ್ನ ತೆಗೆಯುವ ಜಿಲ್ಲೆ ನಮ್ಮದು, ಮುರಿದ ಕಾಲಿನ ಚಿತ್ರದಿಂದ ಬೆಳ್ಳಿ ತೆಗೆಯುವವರೂ ಇಲ್ಲಿದ್ದಾರೆ.

ಟ್ಯಾಂಕ್ ಅಳತೆ ಮಾಡಿದೆ. ಸುಮಾರು ಒಂದೂವರೆ ಅಡಿ ಆಳ, ಒಂದೂಕಾಲು ಅಡಿ ಅಗಲ. ಅದರೊಳಗೆ ಇಳಿಯುವ ಚೌಕಟ್ಟಿಗೆ ಫಿಲ್ಮ್ ಸುತ್ತಿದರೆ ಒಂದು ಸುತ್ತಿಗೆ 86 ಸೆಂಟಿಮೀಟರ್, ಹೆಚ್ಚೆಂದರೆ ಹತ್ತೊಂಬತ್ತು ಸುತ್ತು. ಹದಿನಾರು ಮೀಟರ್ ಆಯಿತು. ನಮ್ಮದು ಮೂವತ್ತೂವರೆ ಮೀಟರ್. ಅರ್ಧ ಫಿಲ್ಮ್ ಹೊರಗೇ ಉಳಿಯುತ್ತದೆ. ಟ್ಯಾಂಕ್ ಅಲ್ಲೇ ಬಿಟ್ಟು ಬಂದೆ.

ಇಂಟರ್‌ನೆಟ್‌ನಲ್ಲಿ ಸೋವಿಯತ್ ಕಾಲದ ಲೋಮೋ ಟ್ಯಾಂಕುಗಳು ಮಾರಾಟಕ್ಕಿವೆ, ಸುರುಳಿಯಾಕಾರದ ದೊಡ್ಡ ಚಕ್ರ ಇರುವಂಥವು. ಬೆಲೆ, ಸಾಗಣೆ, ಸುಂಕ ಎಲ್ಲ ಸೇರಿಸಿದರೆ ನನ್ನ ಎರಡು ತಿಂಗಳ ಸಂಬಳ. ಅಮೆರಿಕದ ಮೋರ್ಸ್ ಅನ್ನುವ ಇನ್ನೊಂದು ಟ್ಯಾಂಕ್ ಇದೆ. ಎರಡನೇ ಮಹಾಯುದ್ಧದ ಕಾಲದ್ದು. ಹಿಡಿಕೆ ತಿರುಗಿಸಿ ಫಿಲ್ಮನ್ನು ಔಷಧಿಯೊಳಗೆ ಈ ಗಾಲಿಯಿಂದ ಆ ಗಾಲಿಗೆ, ಆ ಗಾಲಿಯಿಂದ ಈ ಗಾಲಿಗೆ ಸುತ್ತುತ್ತಲೇ ಇರಬೇಕು. ಹಳೆಯ ಫಿಲ್ಮಿಗೆ ಅಷ್ಟು ಎಳೆದಾಟ ಬೇಡ ಅನಿಸಿತು. ಬಕೆಟಿಗೆ ಸುಮ್ಮನೆ ಗುಪ್ಪೆಯಾಗಿ ಹಾಕಿ ಕೈಯಾಡಿಸುವವರೂ ಇದ್ದಾರೆ. ಗೀರು ಬಿದ್ದರೂ ಚೆಂದ ಅನ್ನುವ ಕಲಾವಿದರಿಗೆ ಅದು ಸರಿ.

ದಾರಿ ತೋರಿಸಿದ್ದು ದಾದಾಸಾಹೇಬ್ ಫಾಲ್ಕೆಯವರ ಮನೆ. ‘ರಾಜಾ ಹರಿಶ್ಚಂದ್ರ’ 1913ರ ಮೇ 3ರಂದು ಬಾಂಬೆಯಲ್ಲಿ ಬಿಡುಗಡೆಯಾಯಿತು ಅನ್ನುವುದನ್ನು ಪತ್ರಿಕೋದ್ಯಮ ಓದಿದವರೆಲ್ಲ ಬಾಯಿಪಾಠ ಮಾಡಿರುತ್ತೇವೆ. ಆ ಸಿನಿಮಾ ತೊಳೆದದ್ದು ಎಲ್ಲಿ ಅಂತ ಯಾರೂ ಕೇಳುವುದಿಲ್ಲ. ದಾದರಿನ ಅವರ ಮನೆಯಲ್ಲೇ. 1912ರಲ್ಲಿ ಫಾಲ್ಕೆ ಲಂಡನ್ನಿಗೆ ಹೋಗಿ ಕ್ಯಾಮೆರಾ ತಂದರು. ಆಗ ಫಿಲ್ಮ್ ಅಂಚಿಗೆ ತೂತುಗಳಿಲ್ಲದೆ ಬರುತ್ತಿತ್ತು. ಕತ್ತಲಲ್ಲಿ ಕೂತು ಆ ತೂತು ಹೊಡೆದವರು, ರಾಸಾಯನಿಕ ಬೆರೆಸಿ ಫಿಲ್ಮ್ ತೊಳೆದವರು ಅವರ ಹೆಂಡತಿ ಸರಸ್ವತಿಬಾಯಿ. ಹಗಲು ಚಿತ್ರೀಕರಣದ ಮಂದಿಗೆಲ್ಲ ಅಡುಗೆ, ರಾತ್ರಿ ಈ ಕೆಲಸ. ಪಠ್ಯಪುಸ್ತಕದಲ್ಲಿ ಅವರಿಗೆ ಒಂದು ಸಾಲು ಸಿಕ್ಕರೆ ಹೆಚ್ಚು.

ಆ ಕಾಲದಲ್ಲಿ ಫಿಲ್ಮನ್ನು ಮರದ ಚೌಕಟ್ಟಿಗೆ ಸುತ್ತಿ ತೊಟ್ಟಿಯಲ್ಲಿ ಮುಳುಗಿಸಿ, ದೊಡ್ಡ ರಾಟೆಯಂಥ ಡ್ರಮ್ಮಿಗೆ ಸುತ್ತಿ ಒಣಗಿಸುತ್ತಿದ್ದರು. ಒಣಗಿಸುವ ರಾಟೆಯನ್ನೇ ತೊಳೆಯಲಿಕ್ಕೂ ಬಳಸಿದರೆ? ರಾಟೆ ಅಡ್ಡ ಮಲಗಿ ತಿರುಗಬೇಕು, ಕೆಳಗಿನ ಅಂಚು ಮಾತ್ರ ಔಷಧಿಯಲ್ಲಿ ಮುಳುಗಬೇಕು. ಆಗ ಔಷಧಿಯೂ ಕಡಿಮೆ ಸಾಕು.

ಈ ಚಿತ್ರ ಬರೆದುಕೊಂಡು ಮಾನ್ವಿಗೆ ಹೋದೆ. ನಮ್ಮ ಮನೆಯ ಓಣಿಯಲ್ಲೇ ಮೋಟಾರ್ ರಿವೈಂಡಿಂಗ್ ಅಂಗಡಿ ಇದೆ. ಕಾಲುವೆ ನೀರಿನ ಭತ್ತದ ಸೀಮೆ, ಪಂಪ್‌ಸೆಟ್ ಸುಟ್ಟುಕೊಂಡು ಬರುವ ರೈತರಿಗೆ ಬರವಿಲ್ಲ. ತಾಮ್ರದ ತಂತಿಯನ್ನು ಒಂದರ ಮೇಲೊಂದು ಏರದಂತೆ ಸುತ್ತುವುದೇ ಅವರ ಕಸುಬು. ಎರಡು ಮಾತಿನಲ್ಲಿ ಅಣ್ಣನಿಗೆ ತಿಳಿಯಿತು. “ತಂತಿ ಬದಲು ಲಾಡಿ ಸುತ್ತಿದಂಗ, ಹೌದಿಲ್ಲೋ ತಂಗಿ?” ಅಂದ.

ಎರಡು ದುಂಡನೆಯ ಪ್ಲಾಸ್ಟಿಕ್ ತಟ್ಟೆ, ಅವುಗಳ ನಡುವೆ ಎಂಟು ವೈರಿಂಗ್ ಪೈಪು, ಒಂದು ಅಡಿ ದಪ್ಪದ ರಾಟೆ. ಒಂದು ಸುತ್ತಿಗೆ 92 ಸೆಂಟಿಮೀಟರ್, ಹಾಗಾಗಿ 33 ಸುತ್ತು, ಸುತ್ತಿಗೆ ಎರಡು ಸೆಂಟಿಮೀಟರ್ ಜಾಗ ಬಿಟ್ಟರೆ 70 ಸೆಂಟಿಮೀಟರ್ ಉದ್ದ. ಸುತ್ತುಗಳು ಜಾರದಿರಲು ಗೂಟ ಬೇಕಿತ್ತು. ಕಬ್ಬಿಣದ ಮೊಳೆ ತುಕ್ಕು ಬಿಡುತ್ತದೆ. ಅಣ್ಣ ವೈರ್ ಕಟ್ಟುವ ನೈಲಾನ್ ಟ್ಯಾಗುಗಳನ್ನು ಪೈಪಿಗೆ ಎರಡು ಸೆಂಟಿಮೀಟರಿಗೊಂದರಂತೆ ಬಿಗಿದು, ಅವುಗಳ ತಲೆಯನ್ನೇ ಮೇಲೆ ನಿಲ್ಲಿಸಿ ಗೂಟ ಮಾಡಿದ. ಒಂದು ಪೈಪಿನಿಂದ ಮುಂದಿನದಕ್ಕೆ ಎರಡೂವರೆ ಮಿಲಿಮೀಟರ್ ಸರಿಸುತ್ತ ಹೋದ, ಸ್ಕ್ರೂ ಥರ. ಇನ್ನೂರ ಎಪ್ಪತ್ತಕ್ಕಿಂತ ಹೆಚ್ಚು ಟ್ಯಾಗು. ದುಡ್ಡು ಕೇಳಿದರೆ ಟ್ಯಾಗಿನ ಪೊಟ್ಟಣದ ರೊಕ್ಕ ಮಾತ್ರ ತಗೊಂಡ.

ತೊಟ್ಟಿ ಸಿಕ್ಕಿದ್ದು ದೇವದುರ್ಗದಲ್ಲಿ. ಕೃಷ್ಣಾ ದಂಡೆಯ ಹೊಲಗಳಿಗೆ ನೀರೆತ್ತುವ ದಪ್ಪ ಕರಿ ಪೈಪಿನ ತುಂಡೊಂದು ಮಾವನ ಪರಿಚಯದವರ ಹೊಲದ ಬದುವಿನಲ್ಲಿ ಬಿದ್ದಿತ್ತು. ಅಡಿಗಿಂತ ತುಸು ಹೆಚ್ಚು ಅಗಲದ್ದು. ಉದ್ದಕ್ಕೆ ಸೀಳಿದರೆ ಎರಡು ದೋಣಿ. ಪೈಪ್ ಬೆಸೆಯುವ ಹುಡುಗರು ಕಾದ ತಟ್ಟೆಗೆ ಒತ್ತಿ ಎರಡೂ ತುದಿ ಮುಚ್ಚಿಕೊಟ್ಟರು, ತಳಕ್ಕೆ ಒಂದು ವಾಲ್ವ್ ಕೂರಿಸಿದರು. ಎಂಟು ಲೀಟರ್ ಹಾಕಿದರೆ ರಾಟೆಯ ಅಂಚು ಮುಳುಗುತ್ತದೆ.

ಇನ್ನು ಔಷಧಿ. 1995ರಲ್ಲಿ ಅಮೆರಿಕದ ರೋಚೆಸ್ಟರ್ ತಾಂತ್ರಿಕ ಸಂಸ್ಥೆಯ ಒಂದು ತರಗತಿಯವರು ಕಾಫಿಯಲ್ಲಿ ಫಿಲ್ಮ್ ತೊಳೆದು ತೋರಿಸಿದರು. ಅದಕ್ಕೆ ಕೆಫಿನಾಲ್ ಅನ್ನುತ್ತಾರೆ. ಲೀಟರ್ ನೀರಿಗೆ ಬಟ್ಟೆ ಒಗೆಯುವ ಸೋಡಾ 54 ಗ್ರಾಂ, ವಿಟಮಿನ್ ಸಿ ಪುಡಿ 16 ಗ್ರಾಂ, ಇನ್‌ಸ್ಟಂಟ್ ಕಾಫಿ ಪುಡಿ 40 ಗ್ರಾಂ. ಹಳೆಯ ಫಿಲ್ಮ್ ಆದ್ದರಿಂದ ಪೊಟ್ಯಾಶಿಯಂ ಬ್ರೋಮೈಡ್ ಲೀಟರಿಗೆ ಒಂದು ಗ್ರಾಂ, ಕಾಲೇಜು ಲ್ಯಾಬಿಗೆ ಸಾಮಾನು ಕೊಡುವ ಅಂಗಡಿಯಿಂದ. ಅದು ಫಿಲ್ಮ್ ಮಬ್ಬಾಗುವುದನ್ನು ತಡೆಯುತ್ತದೆ. ಎಂಟು ಲೀಟರಿಗೆ ಕಾಫಿ 320 ಗ್ರಾಂ. ಕಿರಾಣಿ ಅಂಗಡಿಯವನು “ಮನ್ಯಾಗ ಏನರ ಕಾರ್ಯ ಐತೇನ್ರಿ?” ಅಂತ ಕೇಳಿದ. ನಾವು ಚಹಾ ಕುಡಿಯುವ ಮಂದಿ. ಹೈಪೋ ಎಕ್ಸ್‌ರೇ ಸೆಂಟರಿನ ಟೆಕ್ನೀಷಿಯನ್ ಕೊಡಿಸಿದರು. ಬಳಸಿದ ಮೇಲೆ ಮೋರಿಗೆ ಸುರಿಯದೆ ವಾಪಸ್ ತಂದುಕೊಡು, ಅದರಲ್ಲಿ ಬೆಳ್ಳಿ ಇರುತ್ತದೆ ಅಂದರು. ಹಾಗೇ ಮಾಡಿದೆ.

ನೀರು ನಮ್ಮ ಜಿಲ್ಲೆಯ ಹಳೆಯ ತಕರಾರು. ಬೋರಿನ ಗಡಸು ನೀರಿನಲ್ಲಿ ಸೋಡಾ ಹಾಕಿದರೆ ಸುಣ್ಣದಂತೆ ತಳಕ್ಕೆ ಕೂರುತ್ತದೆ, ಫಿಲ್ಮ್ ಒಣಗಿದಾಗ ಬಿಳಿ ಚುಕ್ಕೆ. ಶುದ್ಧ ನೀರಿನ ಘಟಕದಿಂದ ಹತ್ತು ಕ್ಯಾನು ತಂದೆವು. ಬಿಸಿ ಇನ್ನೊಂದು ತಕರಾರು. ಈ ಕೆಲಸಕ್ಕೆ 20 ಡಿಗ್ರಿ ಬೇಕು, ನೀರು ತೀರಾ ಬೆಚ್ಚಗಿದ್ದರೆ ಜೆಲಾಟಿನ್ ಉಬ್ಬಿ ಮೆತ್ತಗಾಗುತ್ತದೆ. 40 ಡಿಗ್ರಿ ದಾಟುವ ರಾಯಚೂರಿನ ಬೇಸಿಗೆಯಲ್ಲಿ ಇದು ಆಗದ ಮಾತು. ಎಳ್ಳ ಅಮಾವಾಸ್ಯೆಯ ರಾತ್ರಿ ಅಂತ ನಿಶ್ಚಯ ಮಾಡಿದೆವು. ಚಳಿಯೂ ಇರುತ್ತದೆ, ಕತ್ತಲೆಯೂ ಇರುತ್ತದೆ, ಹಬ್ಬಕ್ಕೆ ಅವ್ವನೂ ತವರಿಗೆ ಬಂದಿರುತ್ತಾಳೆ.

ಸಿನಿಮಾದಲ್ಲಿ ತೋರಿಸುವ ಕೆಂಪು ದೀಪ ಫೋಟೊ ಕಾಗದಕ್ಕೆ ಮಾತ್ರ. ಇಂಥ ಫಿಲ್ಮ್ ಕೆಂಪು ಬೆಳಕನ್ನೂ ಹಿಡಿಯುತ್ತದೆ. ಪೂರ್ತಿ ಕತ್ತಲೆ ಬೇಕು. ಅದಕ್ಕೆ ಮೊದಲೇ ಮೂವತ್ತು ಮೀಟರ್ ಲಾಡಿ ಕೊಂಡು, ಕಣ್ಣು ಮುಚ್ಚಿ ರಾಟೆಗೆ ಸುತ್ತುವುದನ್ನು ಇಬ್ಬರೂ ಕಲಿತೆವು. ನಾಲ್ಕನೇ ಸಲಕ್ಕೆ ಮಾವ ನನಗಿಂತ ಚುರುಕಾದ. ಕಣ್ಣಿನ ಸಮಸ್ಯೆ ಬಂದ ಮೇಲೆ ಬೆರಳಿನಿಂದ ನೋಡುವುದು ಅವನಿಗೆ ರೂಢಿಯಾಗಿತ್ತು.

ಒಂದು ವಾರ ಮೊದಲು ಹೊರ ತುದಿಯ ಕೆಲವು ಅಡಿ ಮಾತ್ರ ತುಂಡು ಮಾಡಿ ಪರೀಕ್ಷೆ ಮಾಡಿದೆವು. ರೀಲಿನ ತುದಿಗೆ ಹೇಗೂ ಬೆಳಕು ಬಿದ್ದಿರುತ್ತದೆ ಅಂತ ಮಾವ ಇಷ್ಟಕ್ಕೆ ಒಪ್ಪಿದ. ಬ್ರೋಮೈಡ್ ಇಲ್ಲದ ತುಂಡು ಪೂರಾ ಕರಿ. ಬ್ರೋಮೈಡ್ ಹಾಕಿದ ತುಂಡಿನಲ್ಲಿ, ಬೆಳಕಿಗೆ ಹಿಡಿದರೆ, ಚಪ್ಪರದ ಕಂಬದಂಥದ್ದು ಏನೋ ಕಂಡಿತು. ಇಷ್ಟು ವರ್ಷ ನಮ್ಮ ಬಿಸಿಲಿನಲ್ಲಿ ಟ್ರಂಕಿನೊಳಗೆ ಬೆಂದ ಫಿಲ್ಮ್ ಇನ್ನೂ ಸತ್ತಿಲ್ಲ. ಉತ್ತರ ಧ್ರುವಕ್ಕೆ ಬಲೂನಿನಲ್ಲಿ ಹೊರಟು 1897ರಲ್ಲಿ ಕಾಣೆಯಾದ ಸ್ವೀಡನ್ನಿನ ಆಂದ್ರೇ ತಂಡದ ಫಿಲ್ಮ್ 1930ರಲ್ಲಿ ಹಿಮದಲ್ಲಿ ಸಿಕ್ಕಾಗ 93 ಚಿತ್ರ ಉಳಿಸಿದ್ದರು. ಅದು ಮಂಜುಗಡ್ಡೆಯಲ್ಲಿ ಇತ್ತು, ಇದು ದೇವದುರ್ಗದ ಅಟ್ಟದ ಮೇಲೆ.

ಕಾಳು ತುಂಬುವ ಕಿಟಕಿಯಿಲ್ಲದ ಕೋಣೆ, ಬಾಗಿಲಿಗೆ ಎರಡು ಕಂಬಳಿ. ಗಡಿಯಾರ ನೋಡುವಂತಿಲ್ಲ, ಮೊಬೈಲ್ ತರುವಂತಿಲ್ಲ. ಅವ್ವ ಹೊರಗೆ ಕೂತು ಒಂದೊಂದು ನಿಮಿಷಕ್ಕೂ ಕೂಗಿ ಹೇಳಿದಳು. ಮಾವ ಸುತ್ತಿದ, ನಾನು ಫಿಲ್ಮ್ ಬಿಟ್ಟುಕೊಟ್ಟೆ. ಫಿಲ್ಮ್ ನೆನೆದಾಗ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಅದಕ್ಕೆ ತುದಿಗಳನ್ನು ಸೈಕಲ್ ಟ್ಯೂಬಿನ ರಬ್ಬರಿನಿಂದ ಕಟ್ಟಿದೆವು. ಹದಿನೈದು ನಿಮಿಷ ಕಾಫಿ, ವಾಲ್ವ್ ತೆಗೆದು ಎರಡು ಸಲ ನೀರು, ಹತ್ತು ನಿಮಿಷ ಹೈಪೋ. ರಾಟೆ ತಿರುಗಿಸುವುದನ್ನು ಒಂದು ಕ್ಷಣವೂ ನಿಲ್ಲಿಸುವಂತಿಲ್ಲ, ಅರ್ಧ ಫಿಲ್ಮ್ ಗಾಳಿಯಲ್ಲೇ ಇರುತ್ತದಲ್ಲ. ಕಾಫಿ ಸೋಡಾ ಸೇರಿದ ಆ ವಾಸನೆ ಮಾತ್ರ ಕೇಳಬೇಡಿ, ಮೂರು ದಿನ ಜೋಳದಲ್ಲೂ ಇತ್ತು.

ದೀಪ ಹಾಕಿದಾಗ ಹೊರಗಿನ ಇಪ್ಪತ್ತು ಅಡಿ ಹತ್ತಿರ ಹತ್ತಿರ ಕರಿ. ಒಳಗೆ ಹೋದಂತೆ ಬೂದು, ಬೂದಿನೊಳಗೆ ಸಣ್ಣ ಸಣ್ಣ ಚೌಕ. ಒಂದೊಂದು ಚೌಕ ಕಿರುಬೆರಳಿನ ಉಗುರಿನಷ್ಟು, ಅದರಲ್ಲಿ ಮನುಷ್ಯರು.

ಮಾವ ಸೆಕೆಂಡಿಗೆ 16 ಚಿತ್ರದ ವೇಗದಲ್ಲಿ ತೆಗೆದಿದ್ದ. ನೂರು ಅಡಿಗೆ ನಾಲ್ಕು ಸಾವಿರ ಚಿತ್ರ, ನಾಲ್ಕು ನಿಮಿಷ ಹತ್ತು ಸೆಕೆಂಡ್. ಪ್ರೊಜೆಕ್ಟರ್ ಇಲ್ಲ. ಬಿಳಿ ಸ್ಕ್ರೀನ್ ಹಾಕಿದ ಟ್ಯಾಬ್ ಮೇಲೆ ಫಿಲ್ಮ್ ಇಟ್ಟು, ಮೊಬೈಲಿಗೆ ಸಣ್ಣ ಲೆನ್ಸ್ ಸಿಕ್ಕಿಸಿ, ಒಂದೊಂದೇ ಚಿತ್ರ ತೆಗೆದು, ಕಪ್ಪನ್ನು ಬಿಳುಪು ಮಾಡಿ ಜೋಡಿಸಬೇಕು. ಮೊದಲು ಅಜ್ಜಿ ಇರುವ ಹತ್ತು ಅಡಿ ಮಾಡಿದೆ. 400 ಚಿತ್ರ, ಎರಡು ರಾತ್ರಿ, 25 ಸೆಕೆಂಡ್.

ಚಪ್ಪರದಿಂದ ಹೊರಬರುತ್ತಾಳೆ, ಕೈಯಲ್ಲಿ ಬುಟ್ಟಿ. ಕ್ಯಾಮೆರಾ ಕಂಡು ನಿಲ್ಲುತ್ತಾಳೆ. ಏನೋ ಹೇಳುತ್ತಾಳೆ. ಮುಖ ಮಸುಕು, ಮೂಗುತಿ ಇರುವ ಕಡೆ ಒಂದು ಬಿಳಿ ಚುಕ್ಕೆ. ನಾನು ಅವಳನ್ನು ನೋಡಿದ್ದು ಅದೇ ಮೊದಲು. ಮಾವನಿಗೆ ಈಗ ನೇರ ನೋಡಿದರೆ ನಡುವಿನದಷ್ಟೇ ಕಾಣುತ್ತದೆ, ಮೊಬೈಲನ್ನು ಹತ್ತಿರ, ದೂರ, ಎಡಕ್ಕೆ ಅಂತ ಹಿಡಿಸಿ ಹಿಡಿಸಿ ನೋಡಿದ. “ನಡಿಗಿ ನೋಡಬೇ, ಎಡಗಾಲು ಹಂಗ ಎಳೀತಿದ್ಲು” ಅಂದ. ಅವ್ವ ತುಟಿ ಓದಿದಳು. “‘ಉಂಡಿಯೇನ್ಲೇ’ ಅಂತಾಳ, ನಿನಗ” ಅಂದಳು. ಮಾವ ಇನ್ನೊಂದು ಸಲ ಹಾಕು ಅಂದ.

ರಾಟೆ ಈಗ ಮಾನ್ವಿಯ ರಿವೈಂಡಿಂಗ್ ಅಂಗಡಿಯಲ್ಲಿ ಮೋಟಾರ್ ಸುರುಳಿಗಳ ಪಕ್ಕದಲ್ಲಿ ತೂಗುತ್ತಿದೆ. ನಿಮ್ಮ ಮನೆಯಲ್ಲೂ ಇಂಥ ಡಬ್ಬಿ ಇದ್ದರೆ ಮುಚ್ಚಳ ತೆಗೆದು ನೋಡಬೇಡಿ, ನೋಡಿದ ಕ್ಷಣಕ್ಕೇ ಹೋಗುತ್ತದೆ. ತಂಪಾದ ಒಣ ಜಾಗದಲ್ಲಿಟ್ಟು ನಮಗೆ ತಿಳಿಸಿ.

ಉಳಿದದ್ದನ್ನು ಪ್ರತಿ ಭಾನುವಾರ ಮಾಡುತ್ತಿದ್ದೇವೆ. ನಾನು ಚಿತ್ರ ತೆಗೆಯುತ್ತೇನೆ, ಅವ್ವ ಮತ್ತು ಮಾವ ಯಾರು ಯಾರು ಅಂತ ಹೆಸರು ಹೇಳುತ್ತಾರೆ, ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತೇನೆ. ಒಬ್ಬ ಹುಡುಗನ ಬಗ್ಗೆ ಅವರಿಬ್ಬರಿಗೂ ಜಗಳ ನಡೆದಿದೆ. ಅರಕೇರಾದ ಬೀಗರ ಪೈಕಿ ಅಂತ ಅವ್ವ, ಬ್ಯಾಂಡ್ ಬಾರಿಸಲು ಬಂದವನು ಅಂತ ಮಾವ. ಇಲ್ಲಿಯವರೆಗೆ 61 ಅಡಿ ಆಗಿದೆ, 27 ಹೆಸರು. ಅವರಲ್ಲಿ ಇರುವವರು ಒಂಬತ್ತು ಮಂದಿ. ಮುಂದಿನ ತಿಂಗಳು ಮಾವನ ಕಣ್ಣಿನ ಪರೀಕ್ಷೆ ಇದೆ, ಅಷ್ಟರೊಳಗೆ ಒಳಗಿನ ಸುತ್ತುಗಳನ್ನು ಮುಗಿಸಬೇಕು.